ರಾಣಿ ಕಲ್ಲಿಗೆ ಬೇಲಿ ಬಿದ್ದ ದಿನ

ನಮ್ಮೂರಿನಿಂದ ರಾಮಗಿರಿ ಕಡೆಗೆ ಹೋಗುವ ಏರಿನಲ್ಲಿ ಒಂದು ಹೊರೆಗಲ್ಲು ಇದೆ. ಎರಡು ಕಂಬ ನೆಟ್ಟು ಮೇಲೊಂದು ಚಪ್ಪಡಿ ಅಡ್ಡ ಹಾಸಿದ್ದಾರೆ, ಅಷ್ಟೇ. ಯಾವ ಕಾಲದಲ್ಲೋ ದುರ್ಗದ ಒಬ್ಬ ರಾಣಿ ಹಾಕಿಸಿದ್ದಂತೆ. ಚಪ್ಪಡಿ ಆಳಿನ ಭುಜದ ಮಟ್ಟಕ್ಕೆ ಬರುತ್ತದೆ. ತಲೆಯ ಮೇಲಿನ ಹೊರೆಯನ್ನು ಬಗ್ಗದೆ ಅದರ ಮೇಲೆ ಜಾರಿಸಬಹುದು, ದಣಿವಾರಿಸಿಕೊಂಡು ಮತ್ತೆ ತಲೆಗೆ ಎಳೆದುಕೊಳ್ಳಬಹುದು. ನೆಲಕ್ಕೆ ಇಳಿಸಿದರೆ ಎತ್ತಿಕೊಡಲು ಇನ್ನೊಬ್ಬರು ಬೇಕು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂದಿನಿಂದ ದುಡಿದಿದ್ದೇನೆ, ಯಾರ ಮುಂದೆಯೂ ಒಂದು ಕೈ ಹಿಡಿಯಿರಿ ಎಂದಿಲ್ಲ. ಎಮ್ಮೆಗಳಿಗೆ ಹಸಿಮೇವನ್ನು ಇಂದಿಗೂ ತಲೆಯ ಮೇಲೇ ತರುತ್ತೇನೆ. ಆ ರಾಣಿ ಕಪ್ಪಗಿದ್ದಳೋ ಕೆಂಪಗಿದ್ದಳೋ ತಿಳಿಯದು. ಕೊಟ್ಟಳು, ತೆಗೆದುಕೊಂಡವನನ್ನು ಎದುರಿಗೆ ಕೈಮುಗಿಸಿ ನಿಲ್ಲಿಸಲಿಲ್ಲ, ಅದಕ್ಕೇ ಅವಳ ಮೇಲೆ ನನಗೆ ಗೌರವ. ಈಗಿನ ದಾನಿಗಳು ಆಸ್ಪತ್ರೆಯಲ್ಲಿ ಒಂದು ಬಾಳೆಹಣ್ಣು ಕೊಡಲು ಐದಾರು ಜನ ಕೈ ಹಾಕುತ್ತಾರೆ. ಫೋಟೋ ಮುಗಿಯುವವರೆಗೂ ರೋಗಿ ಸಿಪ್ಪೆ ಸುಲಿಯುವಂತಿಲ್ಲ.

ಹೋದ ವರ್ಷ ರಾಣಿಯ ನೆನಪು ಉಳಿಸಲು ಒಂದು ಸಮಿತಿ ಹುಟ್ಟಿತು. ಅಧ್ಯಕ್ಷರು ಸಿಮೆಂಟ್ ವ್ಯಾಪಾರಿ. ಕಲ್ಲಿಗೆ ಬಂಗಾರದ ಬಣ್ಣ ಬಳಿಸಿದರು, ಸುತ್ತ ಕಬ್ಬಿಣದ ಬೇಲಿ ಹಾಕಿಸಿ ಗೇಟಿಗೆ ಬೀಗ ಜಡಿದರು. ಮುಟ್ಟಬಾರದೆಂದು ಬೋರ್ಡು ಬೇರೆ. ನಾಲ್ಕು ದಿನ ಆ ಕಡೆ ಹೋಗಿರಲಿಲ್ಲ, ನಾನು ಹೋದ ದಿನವೇ ಉದ್ಘಾಟನೆ ಎಂದು ನನಗೇನು ಗೊತ್ತು? ಮೇವು ಹೊತ್ತು ಏರು ಹತ್ತಿ ಬಂದೆ, ಕತ್ತು ಸಿಡಿಯುತ್ತಿತ್ತು. ನೋಡಿದರೆ ಕಲ್ಲು ಬೇಲಿಯೊಳಗೆ, ಅಧ್ಯಕ್ಷರು ಮೈಕಿನ ಮುಂದೆ.

"ಹೊರೆ ಹೊತ್ತ ಬಡವನ ನೋವು ಆ ತಾಯಿಗೆ ಗೊತ್ತಿತ್ತು!" ಎಂದವರು ನನ್ನನ್ನು ಕಂಡು ಹಿಗ್ಗಿದರು. "ಅಗಾ, ಬಂದೇಬಿಟ್ಟ ನೋಡ್ರಿ!"

"ಗೇಟು ತೆಗೀರಿ ಸಾಮಿ, ಹೊರೆ ಇಳಿಸ್ಬೇಕು," ಎಂದೆ.

"ತಡಿಯಪ್ಪ, ಬಣ್ಣ ಇನ್ನೂ ಹಸಿ ಐತೆ. ಹಂಗೇ ನಿಂತ್ಕ, ಒಂದು ಫೋಟ ಆಗ್ಲಿ. ಒಸಿ ನಗು."

ಸನ್ಮಾನವನ್ನೂ ಮಾಡಿಯೇಬಿಟ್ಟರು. ನನ್ನೆರಡು ಕೈ ಮೇಲಿದ್ದವು, ಕತ್ತು ಮೇವಿನಡಿ ಮುಚ್ಚಿಹೋಗಿತ್ತು. ಜಾಗ ಕಾಣದೆ ಶಾಲನ್ನು ಹೊರೆಗೇ ಹೊದಿಸಿದರು, ಹಾರವನ್ನೂ ಅದಕ್ಕೇ ಹಾಕಿದರು. ಜನ ಚಪ್ಪಾಳೆ ತಟ್ಟಿದರು.

"ನೆಲಕ್ಕೆ ಹಾಕಪ್ಪ, ನಾವೇ ಎತ್ತಿಕೊಡ್ತೀವಿ. ಅದೂ ಒಂದು ಸೇವೆ," ಎಂದರು ಅಧ್ಯಕ್ಷರು.

"ಎತ್ತಿಕೊಡೋರು ಹಾದಿಗೊಬ್ರು ಸಿಗಂಗಿದ್ರೆ ರಾಣಿ ಯಾಕ್ರಿ ಕಲ್ಲು ಹಾಕಿಸ್ತಿದ್ಲು?"

ಪಕ್ಕದಲ್ಲಿ ಅವರ ಬಿಳಿ ಕಾರು ನಿಂತಿತ್ತು. ಅದರ ನೆತ್ತಿ ಸರಿಯಾಗಿ ನನ್ನ ಭುಜದ ಮಟ್ಟ. ಹೋಗಿ, ಶಾಲು ಹಾರದ ಸಮೇತ ಹೊರೆಯನ್ನು ಅದರ ಮೇಲೆ ಜಾರಿಸಿದೆ. ಆಹಾ, ಜೀವ ಬಂತು.

"ಲೇ, ಲೇ! ಹೊಸಾ ಕಾರು ಕಣೋ!"

"ಹಸಿಮೇವು ಸಾಮಿ, ಗೀರು ಬೀಳಲ್ಲ. ಸುಧಾರಿಸ್ಕಂಡು ನಾನೇ ಎತ್ಕಂಡು ಹೋಗ್ತೀನಿ."

ಅಷ್ಟರಲ್ಲಿ ಜಾಲಿ ಸೌದೆಯ ಹೊರೆ ಹೊತ್ತ ಇಬ್ಬರು ಹೆಂಗಸರು ಏರು ಹತ್ತಿ ಬಂದರು. ಬೇಲಿ ನೋಡಿದರು, ಬೀಗ ನೋಡಿದರು, ಕಾರಿನ ಮೇಲಿನ ನನ್ನ ಹೊರೆಯನ್ನೂ ನೋಡಿದರು.

"ಅಣ್ಣ, ಅಲ್ಲಿ ಇನ್ನೂ ಜಾಗ ಐತಾ?"

"ಧಾರಾಳ ಐತೆ, ಬರ್ರಮ್ಮ."

ಅವರು ಕಾರಿನತ್ತ ತಿರುಗಿದ್ದೇ ತಡ, ಅಧ್ಯಕ್ಷರು ಮೈಕಿನಲ್ಲೇ ಕೂಗಿಕೊಂಡರು.

"ಬೀಗದ ಕೈ ಯಾರ ತಾವ ಐತ್ರಿ? ಬೇಗ ಗೇಟು ತೆಗೀರಿ!"