ದಂಡ ಕಟ್ಟಿದ ಮೇಲೆ

ಹೊಳಲ್ಕೆರೆಯ ಅಕ್ಕನ ಮನೆಗೆ, ಅವಳ ಮಗಳ ನಿಶ್ಚಿತಾರ್ಥಕ್ಕೆಂದು ನಾನು, ಅಣ್ಣ ಹಿರಿಯೂರಿನಿಂದ ಕಾರಿನಲ್ಲಿ ಹೊರಟಿದ್ದೆವು. ಚಿತ್ರದುರ್ಗ ದಾಟಿ ಹೊಳಲ್ಕೆರೆ ರಸ್ತೆಗೆ ಬರುವಷ್ಟರಲ್ಲಿ ತಡವಾಗಿತ್ತು. ಅಕ್ಕನ ಫೋನು ಮೇಲಿಂದ ಮೇಲೆ ಬರುತ್ತಿತ್ತು.

ಅಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಒಂದು ಬದಿ ಮುಚ್ಚಿ ಡ್ರಮ್ಮುಗಳನ್ನು ಇಟ್ಟಿದ್ದರು. ತಲೆಗೆ ಟವೆಲು ಸುತ್ತಿಕೊಂಡ ಹೆಂಗಸೊಬ್ಬಳು ಕೆಂಪು ಬಾವುಟ ಅಡ್ಡ ಹಿಡಿದು ನಿಂತಿದ್ದಳು. ಮುಂದೆ ಒಂದು ಲಾರಿ ನಿಂತಿತ್ತು.

“ಆ ಕಡಿಂದ ಯಾರೂ ಬರ್ತಿಲ್ಲ. ಈ ಸಂದಿಯಾಗೇ ಹೋಗಾಣ” ಅಂದ ಅಣ್ಣ.

“ನಿಂತ್ಕಳೋ, ಬಾವುಟ ಹಿಡ್ದಾಳೆ” ಅಂದೆ. ಅಷ್ಟರಲ್ಲಿ ಕಾರು ಡ್ರಮ್ಮುಗಳ ನಡುವೆ ನುಗ್ಗಿಯಾಗಿತ್ತು. ಎದುರಿಗೆ ರೋಲರ್ ಹಿಂದಕ್ಕೆ ಬರುತ್ತಿತ್ತು. ಅಣ್ಣ ಗಾಬರಿಯಾಗಿ ಸ್ಟೀರಿಂಗ್ ತಿರುಗಿಸಿದ. ನಮ್ಮನ್ನು ತಡೆಯಲು ಓಡಿ ಬಂದಿದ್ದ ಆ ಹೆಂಗಸಿಗೆ ಕಾರಿನ ಬದಿ ತಾಗಿ, ಅವಳು ಜಲ್ಲಿ ರಾಶಿಯ ಮೇಲೆ ಬಿದ್ದಳು.

ನಾನು ಇಳಿದು ಓಡಿದೆ. ಅವಳ ಬಲಗೈ ಮಣಿಕಟ್ಟಿನ ಬಳಿ ಸೊಟ್ಟಗಾಗಿತ್ತು. ಅಳಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು, “ನೀರು ಐತೇನವ್ವ?” ಅಂದಳು.

ಅಣ್ಣನೂ ಇಳಿದ. ಆದರೆ ಅವನು ಹೋದದ್ದು ಅವಳ ಬಳಿಗಲ್ಲ, ಡ್ರಮ್ಮುಗಳಾಚೆ ವಾಹನಗಳನ್ನು ನಿಯಂತ್ರಿಸುತ್ತಿದ್ದ ಪೊಲೀಸಿನವರ ಬಳಿಗೆ. “ಬೋರ್ಡೇ ಕಾಣ್ಲಿಲ್ಲ ಸಾರ್. ಇಲ್ಲಿ ದಂಡ ಹಾಕ್ತಾರೆ ಅಂತ ಎಲ್ಲಿ ಬರ್ದೈತೆ?” ಎಂದು ವಾದಕ್ಕೆ ನಿಂತ. ಬಾವುಟ ದಾಟಿ ನುಗ್ಗಿದರೆ ದಂಡ ಎಂಬ ಬೋರ್ಡು ದೊಡ್ಡದಾಗಿಯೇ ಇತ್ತು. ಅವನು ವಾದಿಸುತ್ತಿದ್ದಂತೆಯೇ ಕೆಲಸದವರು ಅವಳನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದರು. ಗುಂಡಿಗಳ ಮೇಲೆ ಟ್ರ್ಯಾಕ್ಟರು ಕುಲುಕಿದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಮ್ಮ ಕಾರಿನ ಹಿಂದಿನ ಸೀಟು ಖಾಲಿ ಇತ್ತು.

ಕೇಸಾಯಿತು. ಕೋರ್ಟಿನಲ್ಲಿ ಅಣ್ಣ ತಪ್ಪೊಪ್ಪಿಕೊಂಡ. ದಂಡ ಬಿತ್ತು, ಲೈಸೆನ್ಸು ಕೆಲವು ತಿಂಗಳು ಅಮಾನತಾಯಿತು. ಮನೆಯಲ್ಲಿ ಎಲ್ಲರೂ ಇಷ್ಟಕ್ಕೇ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟರು. ಅಣ್ಣ ಮಾತ್ರ ಒಂದು ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ಕೆಲಸದವರನ್ನು ವಿಚಾರಿಸಿ ರಾಮಗಿರಿ ಕಡೆಯ ಅವಳ ಮನೆ ಹುಡುಕಿದೆವು.

ಅವಳು ನಮ್ಮನ್ನು ಕಂಡು ಬೈಯಲಿಲ್ಲ. “ಬರ್ರಿ, ಕುಂತ್ಕಳ್ರಿ” ಎಂದು ಚಾಪೆ ಹಾಸಿದಳು, ಎಡಗೈಯಲ್ಲಿ.

“ಕೈ ಹೆಂಗೈತಮ್ಮ?” ಎಂದ ಅಣ್ಣ.

“ಮೂಳೆ ನೆಟ್ಟಗೆ ಕೂಡ್ಲಿಲ್ಲ. ಮುದ್ದೆ ತಿರುವಾಕೆ ಆಗಲ್ಲ, ಸೊಸೆ ತಿರುವ್ತಾಳೆ. ಬಾವುಟ ಎಡಗೈಯಾಗ ಹಿಡಿತೀನಿ ಅಂದೆ, ಬ್ಯಾಡ ಅಂದ್ರು.”

ಅಣ್ಣ ತಲೆ ತಗ್ಗಿಸಿದ. “ತಪ್ಪಾತು. ಅವತ್ತು ನಿಮ್ಮನ್ನ ಕಾರಲ್ಲಿ ಕರ್ಕಂಡು ಹೋಗ್ಬೇಕಿತ್ತು.”

“ದಂಡ ಕಟ್ಟೀರಂತಲ್ಲ, ಬಿಡ್ರಿ” ಅಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅಣ್ಣನಿಗೆ ಹಗುರಾಗುತ್ತಿತ್ತೇನೋ.

ಲೈಸೆನ್ಸು ವಾಪಸ್ಸು ಬಂತು. ಅಣ್ಣ ಈಗಲೂ ಕಾರು ಓಡಿಸುತ್ತಾನೆ. ಆದರೆ ಹೊಳಲ್ಕೆರೆಗೆ ಹೋಗುವುದಿದ್ದರೆ, “ನೀವು ಹೋಗ್ಬರ್ರಿ” ಅನ್ನುತ್ತಾನೆ. ಅಕ್ಕನ ಮಗಳ ಮದುವೆಗೂ ಬರಲಿಲ್ಲ.