ಸುಟ್ಟ ಟ್ರಾನ್ಸ್‌ಫಾರ್ಮರಿನ ಗಂಟು

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಮಲ್ಲಿಕಸಾಬನಿಗೆ ಒಂದು ಹಟವಿತ್ತು. ಯಂತ್ರದಿಂದ ಏನೇ ಕಿತ್ತರೂ ಅದನ್ನು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಗಿರಾಕಿಯ ಕೈಗೇ ಕೊಡುತ್ತಿದ್ದ. ಸತ್ತ ವಾಲ್ವು, ಸುಟ್ಟ ತಂತಿ, ತುಕ್ಕು ಹಿಡಿದ ಸ್ಕ್ರೂ, ಯಾವುದನ್ನೂ ಇಟ್ಟುಕೊಂಡವನಲ್ಲ.

"ಇದನ್ನ ಒಯ್ದು ಉಪ್ಪಿನಕಾಯಿ ಹಾಕ್ಲೇನು?" ಎಂದು ಗಿರಾಕಿಗಳು ನಗುತ್ತಿದ್ದರು.

"ಉಪ್ಪಿನಕಾಯಿ ಹಾಕ್ರಿ, ಗಟಾರಕ್ಕರ ಒಗೀರಿ. ಹಳೇ ಮಾಲು ಮಾಲಕರದ್ದು," ಎನ್ನುತ್ತಿದ್ದ.

ಉಳಿದ ರಿಪೇರಿಯವರು ಕಿತ್ತ ಮಾಲು ಮಾರಿ ಸಂಜೆಯ ಚಹಾ ಕುಡಿಯುತ್ತಿದ್ದರು. ಇವನೊಬ್ಬ ಹುಚ್ಚ ಎಂದೂ ಅನ್ನುತ್ತಿದ್ದರು. ಆದರೆ ಆ ಹುಚ್ಚೇ ಅವನ ಬಂಡವಾಳ. ಅಂಗಡಿಗೆ ಬೋರ್ಡು ಕೂಡ ಇರಲಿಲ್ಲ. ಸಾಬರ ಕಡೆ ಕೊಟ್ಟರೆ ಚಿಂತಿಲ್ಲ ಎಂಬ ಮಾತೊಂದೇ ಗಿರಾಕಿಯನ್ನು ತರುತ್ತಿತ್ತು.

ಅವನ ಗೆಳೆಯ ಫಕೀರೇಶ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ಹರೆಯದಲ್ಲಿ ಗೋವಾದಿಂದ ತಂದ ವಿಲಾಯತಿ ವಾಲ್ವ್ ಆಂಪ್ಲಿಫೈಯರ್ ಅವನ ಜೀವ. ಅವನು ತೀರಿಕೊಂಡ ಮೇಲೆ ಹೆಂಡತಿ ರೇಣವ್ವ ಬೈರಿದೇವರಕೊಪ್ಪದಲ್ಲಿ ಭಾವ ಉಳವಪ್ಪನ ಮನೆ ಸೇರಿದಳು. ಅಲ್ಲಿ ಅನ್ನದ ಜೊತೆಗೆ ಮಾತನ್ನೂ ಉಣ್ಣಬೇಕಿತ್ತು.

ಎರಡು ಸಾವಿರದ ಎರಡರ ಸುಮಾರಿಗೆ ಉಳವಪ್ಪ ಆ ಆಂಪ್ಲಿಫೈಯರ್ ಮಾರಲು ಹೊರಟ. ಇಂಥ ಹಳೆಯ ಯಂತ್ರಗಳನ್ನು ಸಂಗ್ರಹಿಸುವ ಪುಣೆಯವನೊಬ್ಬ ನೋಡಲು ಬಂದ. ಬಿಚ್ಚಿ ತೋರಿಸಲು ಮಲ್ಲಿಕಸಾಬನಿಗೆ ಕರೆ ಹೋಯಿತು. ಇಷ್ಟು ವರ್ಷ ತಾನು ಸಾಕಿದ ಯಂತ್ರ. ಒಗೆದ ಅಂಗಿ ಹಾಕಿಕೊಂಡು ಹೋದ.

ಪುಣೆಯವನು ಬ್ಯಾಟರಿ ಹಿಡಿದು ನೆಲದ ಮೇಲೆ ಬೋರಲು ಮಲಗಿದ. ಒಳಗಿನ ಒಂದೊಂದು ಭಾಗಕ್ಕೂ ತಯಾರಿಸಿದವರು ಅಂಕಿಗಳನ್ನು ಒತ್ತಿರುತ್ತಾರೆ, ಅದರಲ್ಲಿ ವರ್ಷವೂ ವಾರವೂ ಅಡಗಿರುತ್ತದೆ ಎಂದು ಹಿಂದಿಯಲ್ಲಿ ವಿವರಿಸಿದ. ಸ್ಪೀಕರಿನ ಅಂಕಿ ಅರವತ್ತೈದನೆಯ ಇಸವಿ ಎಂದಿತು. ವಾಲ್ಯೂಮಿನ ಗುಂಡಿಯ ಒಳಭಾಗವೂ ಅದನ್ನೇ ಹೇಳಿತು. ಬೆಸುಗೆ ಕೂಡ ಹಳೆಯದೇ. ಮಲ್ಲಿಕಸಾಬ ತನ್ನ ಮಗನೇ ಪಾಸಾದಂತೆ ಹಿಗ್ಗಿದ. ಆಮೇಲೆ ಬೆಳಕು ದೊಡ್ಡ ಟ್ರಾನ್ಸ್‌ಫಾರ್ಮರಿನ ಮೇಲೆ ನಿಂತಿತು. ಅದರ ಮೇಲೆ ಅಂಕಿಯೇ ಇರಲಿಲ್ಲ.

"ಅದು ನಾ ಹಾಕಿದ್ದರಿ," ಎಂದ ಮಲ್ಲಿಕಸಾಬ. "ಭಾಳ ವರ್ಷದ ಹಿಂದ ಗಣಪತಿ ಹಬ್ಬದಾಗ ಕರೆಂಟ್ ಜಾಸ್ತಿ ಬಂದು ಮೊದಲಿಂದು ಸುಟ್ಟಿತ್ತು. ಇಲ್ಲೇ ಹೊಸಾದು ಸುತ್ತಿಸಿ ಹಾಕೇನಿ."

ಸುಟ್ಟದ್ದಾದರೂ ಮೂಲದ್ದೇ ಸಿಕ್ಕರೆ ತಗೊಳ್ಳುತ್ತೇನೆ, ಇಲ್ಲದಿದ್ದರೆ ಬೇಡ, ಸಂಜೆಯ ಗಾಡಿಗೆ ಹೋಗುತ್ತೇನೆ ಎಂದು ಪುಣೆಯವನು ಎದ್ದ.

ಉಳವಪ್ಪ ಅವನನ್ನು ಕಳಿಸಿ ಬಂದು ಕೇಳಿದ: "ಸಾಬರ, ಮೊದಲಿಂದು ಎಲ್ಲೈತಿ? ಮುಂಬೈಗೆ ಮಾರಿದ್ರೇನು?"

"ಗಂಟು ಕಟ್ಟಿ ಕೊಟ್ಟೇನ್ರಿ. ಅವತ್ತ ಫಕೀರೇಶ ಇರಲಿಲ್ಲ, ವೈನಿ ಕೈಯಾಗ ಕೊಟ್ಟೇನಿ."

"ಹಂಗಾರ ತೋರಸ್ರಿ. ಈ ಯಂತ್ರ ಬಿಚ್ಚಿದಾವ್ರು ನೀವೊಬ್ಬರ."

ಮಲ್ಲಿಕಸಾಬನೇ ಅಟ್ಟ ಹತ್ತಿದ. ಫಕೀರೇಶನ ಟ್ರಂಕು, ಡಬ್ಬಿ, ಚೀಲ ಎಲ್ಲ ಸುರುವಿದ. ಗಂಟು ಸಿಗಲಿಲ್ಲ. ಇಳಿದು ಅಡುಗೆಮನೆಯ ಬಾಗಿಲಿಗೆ ಬಂದಾಗ ರೇಣವ್ವ ಚರಗಿಯಲ್ಲಿ ನೀರು ಕೊಟ್ಟಳು.

"ನೆನಪ ಮಾಡ್ಕೋರಿ ವೈನಿ. ನೀಲಿ ಬಟ್ಟಿಯ ಗಂಟು. ನನ್ನ ಮರ್ಯಾದಿ ಪ್ರಶ್ನೆ ಐತ್ರಿ."

ಅವಳು ದನಿ ತಗ್ಗಿಸಿದಳು. "ಅಣ್ಣಾರ, ಅದನ್ನ ಹಳೇ ಸಾಮಾನ ತಗೊಂಡು ಭಾಂಡೆ ಕೊಡಾಕಿಗೆ ಹಾಕಿದ್ದೆ. ಸುಟ್ಟದ್ದಂತ ತಿಳ್ಕೊಂಡೆ. ಒಳಗ ತಾಮ್ರದ ತಂತಿ ಐತಿ ಅಂತ ಆಕಿ ಈ ಚರಗಿ ಕೊಟ್ಲು."

ಅರ್ಧ ಕುಡಿದ ಚರಗಿ ಅವನ ಕೈಯಲ್ಲೇ ಇತ್ತು. ಸಿಟ್ಟು ಬರಬೇಕಿತ್ತು, ಬಂದದ್ದು ಸಮಾಧಾನ. "ಅಷ್ಟ ಹೇಳಿಬಿಡ್ರಿ. ವ್ಯಾಪಾರ ಹೋದ್ರ ಹೋಗ್ಲಿ. ನಾ ಕಳ್ಳ ಅಲ್ಲಂತ ಗೊತ್ತಾದ್ರ ಸಾಕು."

"ನಾ ಹೇಳಿದ್ರ ನನ್ನ ಹೊರಗ ಹಾಕ್ತಾರ್ರಿ. ನಾ ಎಲ್ಲಿಗೆ ಹೋಗ್ಲಿ?"

ಅಷ್ಟರಲ್ಲಿ ಉಳವಪ್ಪ ಬಂದು ನಿಂತ. "ಏನವಾ, ಸಾಬರು ನಿನ್ನ ಕೈಯಾಗ ಗಂಟು ಕೊಟ್ಟಾರೇನು?"

ರೇಣವ್ವ ನೆಲ ನೋಡಿದಳು. "ನನಗ ಯಾರೂ ಏನೂ ಕೊಟ್ಟಿಲ್ರಿ."

"ವೈನಿ," ಎಂದ ಮಲ್ಲಿಕಸಾಬ, "ಖುದಾನ ಆಣಿ, ನನ್ನ ಅನ್ನ ಹೋಗ್ತದ್ರಿ."

ಅವಳು ಸೆರಗು ಎಳೆದುಕೊಂಡು ಒಲೆಯ ಕಡೆ ತಿರುಗಿದಳು. ಚರಗಿ ತೋರಿಸಿ ನಿಜ ಒದರಿಬಿಡಬಹುದಿತ್ತು, ನಾನಾಗಿದ್ದರೆ ಒದರುತ್ತಿದ್ದೆ. ಆದರೆ ಕಳ್ಳನೆನಿಸಿಕೊಂಡವನು ವಿಧವೆಯ ಮೇಲೆ ಹಾಕಿದ ಎನ್ನುತ್ತಾರೆ, ಯಾರು ನಂಬುತ್ತಾರೆ ಎಂದು ಅವನ ಬಾಯಿ ಕಟ್ಟಿತು.

ಸುದ್ದಿ ಅವನಿಗಿಂತ ಮೊದಲೇ ಬಸ್ಸು ಹತ್ತಿತ್ತು. ಮರುದಿನದಿಂದ ಗಿರಾಕಿಗಳು ಬಂದು ಟೇಪ್‌ರೆಕಾರ್ಡರು, ರೇಡಿಯೋ ವಾಪಸ್ಸು ಒಯ್ದರು. ಯಾರೂ ಬಯ್ಯಲಿಲ್ಲ, ಅದೇ ಅವನನ್ನು ಹೆಚ್ಚು ಸುಟ್ಟಿತು. ಒಬ್ಬನಂತೂ ಅವನೆದುರೇ ರೇಡಿಯೋದ ಹಿಂಬದಿ ಬಿಚ್ಚಿ ಒಳಗೆ ಎಲ್ಲ ಇದೆಯೋ ಎಂದು ನೋಡಿದ. ಯಾವತ್ತೋ ಕರಗಿಹೋದ ತಾಮ್ರವನ್ನು ಹುಡುಕುತ್ತ ಮಲ್ಲಿಕಸಾಬ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ. ಅವರು ನಕ್ಕರು. ನಾಳೆ ಸಿಕ್ಕೀತು ಎಂದು ಮತ್ತೆ ಹೋಗುತ್ತಿದ್ದ. ಕೊನೆಗೆ ಹೆಂಡತಿ ಗುಲ್ಜಾರಬಿ ಗುಜರಿಯ ರಾಶಿಯಿಂದಲೇ ಕೈ ಹಿಡಿದು ಎಬ್ಬಿಸಿ ತಂದಳು.

ಅಂಗಡಿ ಮುಚ್ಚಿತು. ಜಾವೀದನೆಂಬವನ ಕಡೆ ಪಂಪಿನ ಮೋಟಾರು ಸುತ್ತುವ ಕೆಲಸಕ್ಕೆ ಸೇರಿದ. ಅಲ್ಲಿ ಕಿತ್ತ ತಾಮ್ರವನ್ನು ಜಾವೀದ ಇವನ ಕೈಗೆ ಕೊಡದೆ ತಾನೇ ತೂಗಿ ಒಳಗಿಡುತ್ತಿದ್ದ. ಮಲ್ಲಿಕಸಾಬ ಅದನ್ನೂ ನುಂಗಿದ.

ಕೆಲವು ವರ್ಷಗಳ ಮೇಲೆ ಉಳವಪ್ಪ ತೀರಿಕೊಂಡ. ಆಮೇಲೊಂದು ಮಧ್ಯಾಹ್ನ ರೇಣವ್ವ ಜಾವೀದನ ಅಂಗಡಿಗೆ ಬಂದು ಚೀಲದಿಂದ ಚರಗಿ ತೆಗೆದು ಮೇಜಿನ ಮೇಲಿಟ್ಟಳು. ತಲೆ ಪೂರ್ತಿ ನೆರೆತಿತ್ತು.

"ಅಣ್ಣಾರ, ಈಗ ಎಲ್ಲಾರ ಮುಂದ ಹೇಳ್ತೇನ್ರಿ. ತಪ್ಪು ನಂದು."

"ಈಗ ಯಾರ ಮುಂದ ಹೇಳ್ತೀರಿ ವೈನಿ?"

ಅವನನ್ನು ಕಳ್ಳನೆಂದವರು ಅವನನ್ನೇ ಮರೆತಿದ್ದರು. ಅವನ ಸಿಟ್ಟು ಮಾತ್ರ ಆರಿರಲಿಲ್ಲ. ಮೇಜಿನ ಕೆಳಗಿನಿಂದ ಒಂದು ಅರಿವೆ ತೆಗೆದ. ಚರಗಿಯನ್ನು ಅದರಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿ ಅವಳ ಕೈಗೆ ಕೊಟ್ಟ.

"ಹಳೇ ಮಾಲು ಮಾಲಕರದ್ರಿ," ಎಂದ. "ಈ ಸಲಾದ್ರೂ ಕೊಟ್ಟಿದ್ದು ನೆನಪಿಟ್ಕೋರಿ."