ಹಳದಿ ಬಸ್ಸಿನಲ್ಲಿ ಆಂಟಿ ಇದ್ದಾರಾ?

ಕಳೆದ ವಾರ ಕತಾರಿನ ದೋಹಾದಲ್ಲಿ, ನಾವಿರುವ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಮನೆ ಹತ್ತಿರದ ದಿನಸಿ ಅಂಗಡಿಯಿಂದ ಹೊರಗೆ ಬರುತ್ತಿದ್ದೆ. ಎದುರಿಗೆ ಶಾಲೆಯ ಬಸ್ಸೊಂದು ಬಂದು ನಿಂತಿತು. ಬಾಗಿಲು ತೆರೆದ ಕೂಡಲೇ ಕಾದ ರೆಕ್ಸಿನ್ ಸೀಟು, ಕಿತ್ತಳೆ ಸಿಪ್ಪೆ, ಮಕ್ಕಳ ಬೆವರು ಮೂರೂ ಬೆರೆತ ಬಿಸಿ ವಾಸನೆ ಮುಖಕ್ಕೆ ಬಂತು. ನಾಲ್ಕು ಮಕ್ಕಳು ಇಳಿದರು. ನಾನು ಹಳೆಯ ಅಭ್ಯಾಸದಂತೆ ಬಸ್ಸಿನ ಹಿಂದಿನ ಸೀಟುಗಳತ್ತ ನೋಡಿದೆ. ಅಲ್ಲಿ ಯಾರೂ ಬಗ್ಗಿ ನಿಂತಿರಲಿಲ್ಲ...

ಒಂಬತ್ತು ವರ್ಷಗಳ ಹಿಂದೆ ಅಲ್ಲಿ ಒಬ್ಬರು ಬಗ್ಗಿ ನಿಂತಿರುತ್ತಿದ್ದರು. ನನ್ನ ಮಗಳ ಬಸ್ಸಿನ ಆಂಟಿ. ಮಕ್ಕಳನ್ನು ಹತ್ತಿಸಿ, ಕೂರಿಸಿ, ಲೆಕ್ಕ ಹಾಕಿ ಇಳಿಸುವುದು ಅವರ ಕೆಲಸ. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ವಯಸ್ಸು ಐವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದರು. ಊರಿನಲ್ಲಿದ್ದ ಒಬ್ಬಳೇ ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೂ ಎರಡು ವರ್ಷ ಬಾಕಿ ಇತ್ತು. ದೋಹಾ ಅಲ್ ಜದೀದಾ ಬಡಾವಣೆಯ ಒಂದು ಕೋಣೆಯಲ್ಲಿ ಬೇರೆ ಮೂವರು ಹೆಂಗಸರೊಂದಿಗೆ ಇದ್ದರು.

ಅವರು ಮಕ್ಕಳನ್ನು ಎಣಿಸುತ್ತಿದ್ದ ಕ್ರಮ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಪ್ರತಿ ತಲೆಯನ್ನೂ ಅಂಗೈಯಿಂದ ಮುಟ್ಟಿ ‘ಏಕ್, ದೋನ್, ತೀನ್’ ಎನ್ನುತ್ತ ಹೋಗುತ್ತಿದ್ದರು. ಮುಟ್ಟದ ತಲೆ ಲೆಕ್ಕಕ್ಕಿಲ್ಲ. ಕೊನೆಯ ಮಗು ಇಳಿದ ಮೇಲೂ ಅವರು ಇಳಿಯುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಮುಂದಿನವರೆಗೆ ಒಂದೊಂದರ ಮೇಲೂ ಅಡಿಯಲ್ಲೂ ಕೈಯಾಡಿಸುತ್ತಾ ಬರುತ್ತಿದ್ದರು. ಬಸ್ಸಿನಲ್ಲಿ ನಿದ್ದೆ ಹೋದ ಮಗುವೊಂದು ಉಳಿದುಬಿಟ್ಟರೆ ಈ ಊರಿನ ಬಿಸಿಲು ಒಂದು ಗಂಟೆಯನ್ನೂ ಕೊಡುವುದಿಲ್ಲ. ಚಾಲಕ ‘ಯಲ್ಲಾ, ಯಲ್ಲಾ’ ಎಂದು ಅವಸರ ಮಾಡಿದರೂ ಅವರ ವೇಗ ಬದಲಾಗುತ್ತಿರಲಿಲ್ಲ.

“ಒಮ್ಮೆ ಕಣ್ಣು ಹಾಯಿಸಿದ್ರೆ ಸಾಕಾಗುದಿಲ್ವಾ ಆಂಟಿ?” ಎಂದು ಒಮ್ಮೆ ಕೇಳಿದ್ದೆ.

“ಕಣ್ಣು ಅರ್ಜೆಂಟ್ ಮಾಡ್ತದೆ ಸರ್. ಕೈ ಮಾಡುದಿಲ್ಲ.”

ಆ ವರ್ಷ ಮಾರ್ಚ್ ಕೊನೆಯಲ್ಲಿ, ಹೊಸ ತರಗತಿ ಶುರುವಾಗುವ ಮುನ್ನ ಸಿಗುವ ರಜೆಯಲ್ಲಿ, ನಾವು ಅಮೆರಿಕಾಕ್ಕೆ ಹೊರಟೆವು. ನಾನು, ಹೆಂಡತಿ, ಆರು ವರ್ಷದ ಮಗಳು, ಮೂರು ವರ್ಷದ ಮಗ. ನ್ಯೂಯಾರ್ಕ್, ವಾಷಿಂಗ್ಟನ್, ಶಿಕಾಗೋ. ಶಾಲೆಯ ಕೊನೆಯ ದಿನ ಮಗಳನ್ನು ಇಳಿಸಿದ ಆಂಟಿ ಮೆಟ್ಟಿಲ ಮೇಲೆ ನಿಂತೇ ನನ್ನನ್ನು ಕರೆದರು.

“ಸರ್, ನೀವು ಅಮೆರಿಕಾಕ್ಕೆ ಹೋಗುದಂತೆ. ಅಲ್ಲಿ ಹಳದಿ ಬಸ್ಸು ಉಂಟಲ್ಲ, ಶಾಲೆಯದ್ದು, ಅದರಲ್ಲಿ ಆಂಟಿ ಇದ್ದಾರಾ ಅಂತ ನೋಡಿ ಬರ್ತೀರಾ?”

ನಾನು ನಕ್ಕೆ. ಅವರು ನಗಲಿಲ್ಲ. ಬಸ್ಸುಗಳನ್ನು ಓಡಿಸುವ ಗುತ್ತಿಗೆದಾರರ ಸೂಪರ್‌ವೈಸರ್ ಹಿಂದಿನ ವಾರ ಎಲ್ಲ ಆಂಟಿಯರನ್ನು ಕರೆಸಿದ್ದರಂತೆ. ಎಲ್‌ಕೆಜಿ, ಯುಕೆಜಿ ಬಸ್ಸುಗಳಲ್ಲಿ ಆಂಟಿ ಇರಲಿ, ಒಂದನೇ ತರಗತಿಯಿಂದ ಮೇಲಿನವರಿಗೆ ಕ್ಯಾಮೆರಾ ಸಾಕು, ಅಮೆರಿಕಾದಲ್ಲಿ ಚಾಲಕನೊಬ್ಬನೇ ಇರುವುದು, ಇಲ್ಲಿ ಮಾತ್ರ ಏಕೆ ಎಂದರಂತೆ. ಏಪ್ರಿಲ್‌ನಲ್ಲಿ ಮತ್ತೊಂದು ಮೀಟಿಂಗ್ ಇತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ತಿಂಗಳೊಳಗೆ ಊರಿಗೆ.

“ಅವ್ರು ಟೀವಿಯಲ್ಲಿ ನೋಡಿ ಹೇಳುದು. ನೀವು ಪೇಪರಿನವರು, ಕಂಡದ್ದನ್ನು ಕಂಡ ಹಾಗೆ ಹೇಳ್ತೀರಿ. ಮಕ್ಕಳು ವಾಂತಿ ಮಾಡಿದ್ರೆ ಅಲ್ಲಿ ಯಾರು ಒರೆಸುದು? ಅದನ್ನೂ ಕೇಳಿ ಬನ್ನಿ.”

ನಾನು ದೋಹಾದ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ವಿಭಾಗದಲ್ಲಿದ್ದೆ. ಪ್ರವಾಸಕ್ಕೆ ಇಂಥದೊಂದು ಪ್ರಶ್ನೆ ಸಿಕ್ಕಿದ್ದು ನನಗೆ ಇಷ್ಟವಾಯಿತು. ನೋಡಿ ಬರುತ್ತೇನೆ ಎಂದೆ.

ಚಿಕ್ಕ ಮಕ್ಕಳೊಂದಿಗೆ ಊರೂರು ತಿರುಗುವವರಿಗೆ ಕಾಣುವ ಅಮೆರಿಕಾವೇ ಬೇರೆ. ನಮಗೆ ನ್ಯೂಯಾರ್ಕ್ ಎಂದರೆ ಲಿಫ್ಟ್ ಇರುವ ಮತ್ತು ಇಲ್ಲದ ಸಬ್‌ವೇ ನಿಲ್ದಾಣಗಳ ಪಟ್ಟಿ. ಲಿಫ್ಟ್ ಇಲ್ಲದ ಕಡೆ ಮಗ ಮಲಗಿದ್ದ ತಳ್ಳುಗಾಡಿಯನ್ನು ನಾವಿಬ್ಬರು ಎರಡು ತುದಿ ಹಿಡಿದು ಮೆಟ್ಟಿಲಿಳಿಸಬೇಕಿತ್ತು. ಕೇಳದಿದ್ದರೂ ಯಾರಾದರೊಬ್ಬರು ಮೂರನೆಯ ಕೈ ಹಾಕಿ, ಧನ್ಯವಾದ ಹೇಳುವ ಮೊದಲೇ ಹೋಗಿಬಿಡುತ್ತಿದ್ದರು. ರೈಲು ಹತ್ತಿದ ಕೂಡಲೇ ಮಗಳು ತಮ್ಮನ ತಲೆ ಮುಟ್ಟಿ ‘ಏಕ್’, ತನ್ನ ತಲೆ ಮುಟ್ಟಿ ‘ದೋನ್’ ಎನ್ನುತ್ತಿದ್ದಳು. ಆಮೇಲೆ ನಮ್ಮಿಬ್ಬರ ತಲೆಗೂ ಕೈ ಚಾಚುತ್ತಿದ್ದಳು. ಅವಳಿಗೆ ಎಟುಕಲಿ ಎಂದು ನಾನು ಬಗ್ಗಬೇಕಾಗುತ್ತಿತ್ತು.

ಹಳದಿ ಬಸ್ಸು ಮಾತ್ರ ನಮಗೆ ದಕ್ಕಲಿಲ್ಲ. ಇಬ್ಬರಿಗೂ ಸ್ವೆಟರ್, ಕೋಟು, ಟೊಪ್ಪಿ ಹಾಕಿ ಹೊರಗೆ ಕಾಲಿಡುವಾಗ ಹತ್ತು ಗಂಟೆ, ಬಸ್ಸುಗಳೆಲ್ಲ ಹೋಗಿರುತ್ತಿದ್ದವು. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ನಮ್ಮವರಿಗೆ ನಿದ್ದೆ. ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯವೊಂದರ ಮುಂದೆ ಎಂಟು ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದರ ಚಾಲಕಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಮಕ್ಕಳು ಟೀಚರುಗಳ ಜೊತೆ ಒಳಗಿದ್ದರು. ಅದು ಪ್ರವಾಸದ ಬಸ್ಸು, ದಿನನಿತ್ಯದ್ದಲ್ಲ, ಲೆಕ್ಕಕ್ಕೆ ಬಾರದು ಎಂದು ತೀರ್ಮಾನಿಸಿದೆ.

ಶಿಕಾಗೋದಲ್ಲಿ ನಾವಿದ್ದ ಕಟ್ಟಡದ ಹಿಂದಿನ ಬೀದಿಯಲ್ಲೇ ಒಂದು ಶಾಲೆ ಇತ್ತು. ಮೊದಲ ಎರಡು ದಿನ ಸುತ್ತಾಟ, ಭಾನುವಾರ ಬೆಳಿಗ್ಗೆ ಬಸ್ಸು ನೋಡುವುದು, ಸೋಮವಾರ ವಾಪಸು ಎಂದು ಗೊತ್ತುಮಾಡಿಕೊಂಡೆವು. ಭಾನುವಾರ ಏಳು ಗಂಟೆಗೆ ನಾಲ್ವರೂ ಶಾಲೆಯ ಗೇಟಿನ ಮುಂದೆ ಹಾಜರು. ಗಾಳಿ ಕಿವಿ ಕೊಯ್ಯುತ್ತಿತ್ತು. ಅರ್ಧ ಗಂಟೆಯಾದರೂ ಒಂದು ಬಸ್ಸಿಲ್ಲ, ಒಂದು ಮಗುವಿಲ್ಲ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದರು. ಶಾಲೆಯ ಬಸ್ಸಿಗೆ ಎಂದೆ. ಅವರು ಬ್ಯಾಗಿಲ್ಲದ ನಮ್ಮ ಮಕ್ಕಳನ್ನು ನೋಡಿ, ಬಹಳ ಮೆಲ್ಲಗೆ, ಇವತ್ತು ಭಾನುವಾರ ಎಂದರು.

ಹನ್ನೊಂದು ವರ್ಷ ಕತಾರಿನಲ್ಲಿದ್ದ ನಮಗೆ ರಜೆ ಎಂದರೆ ಶುಕ್ರವಾರ, ಶನಿವಾರ. ಭಾನುವಾರ ಶಾಲೆ, ಕಚೇರಿ ಎಲ್ಲ ಶುರುವಾಗುವ ದಿನ. ಇಬ್ಬರಲ್ಲಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಪ್ರತಿದಿನ ಪುಟದ ತಲೆಯಲ್ಲಿ ವಾರ, ತಾರೀಖು ಸರಿಯಿದೆಯೇ ಎಂದು ನೋಡುವ ಕೆಲಸ ನನ್ನದು. ಹೆಂಡತಿ ರಸ್ತೆಯಲ್ಲೇ ಬಿದ್ದು ಬಿದ್ದು ನಕ್ಕಳು.

ಸೋಮವಾರ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದೆವು. ಎದುರಿನಿಂದ ಬಂದ ದೊಡ್ಡ ಹಳದಿ ಬಸ್ಸೊಂದು ನಿಂತು, ಪಕ್ಕೆಯಿಂದ ಕೆಂಪು ಫಲಕವನ್ನು ಕೈಯಂತೆ ಹೊರಚಾಚಿತು. ಎರಡೂ ದಿಕ್ಕಿನ ವಾಹನಗಳು ನಿಂತವು, ನಮ್ಮ ಟ್ಯಾಕ್ಸಿಯೂ. ಮುಂದಿನ ಸೀಟಿನಲ್ಲಿದ್ದ ನಾನು ಬಗ್ಗಿ, ಕಿಟಕಿ ಕಿಟಕಿಯಾಗಿ ನೋಡಿದೆ. ಚಾಲಕ ಒಬ್ಬರೇ. ಮಕ್ಕಳು ತಾವಾಗಿ ಹತ್ತಿ ಕುಳಿತರು. ಟ್ಯಾಕ್ಸಿ ಹೊರಟಿತು. ಆಗ ಹಿಂದಿನ ಸೀಟಿನಿಂದ ಮಗಳು ಕೂಗಿದಳು. “ಪಪ್ಪಾ, ಆಂಟಿ! ಹಿಂದೆ ಸ್ಮಾಲ್ ಬಸ್! ಆಂಟಿ ಇತ್ತು!”

ನಾನು ತಿರುಗುವಷ್ಟರಲ್ಲಿ ಅದು ಹಿಂದೆ ಬಿದ್ದಿತ್ತು. ಹೆಂಡತಿ ಮಗನಿಗೆ ಶೂ ಹಾಕುತ್ತಿದ್ದಳು, ಅವಳೂ ನೋಡಿರಲಿಲ್ಲ.

ಮರಳಿದ ಮೊದಲ ಶುಕ್ರವಾರ ಆಂಟಿ ಅಬು ಹಮೂರ್‌ನ ಚರ್ಚಿನಲ್ಲಿ ಪೂಜೆ ಮುಗಿಸಿ ಸೀದಾ ನಮ್ಮ ಮನೆಗೆ ಬಂದರು. ಮೀಟಿಂಗ್ ಭಾನುವಾರ ಇತ್ತು. ಚಹಾ ಮುಟ್ಟದೆ ಎಲ್ಲ ಕೇಳಿದರು. ಬಸ್ಸು ಕೈ ಚಾಚುವ ಸಂಗತಿಗೆ ಅವರ ಕಣ್ಣು ಅರಳಿತು.

“ಎರಡೂ ಕಡೆ ನಿಲ್ತಾರಾ? ಹಾರ್ನ್ ಹಾಕುದಿಲ್ವಾ? ದೇವರೇ! ಇಲ್ಲಿ ರಸ್ತೆಗೆ ಇಳಿದು ಕೈ ಅಡ್ಡ ಹಿಡಿಯುದು ನಾನು ಸರ್. ನನ್ನ ಕೈಗೆ ಒಬ್ಬ ನಿಂತ್ರೆ ಹತ್ತು ಜನ ಬೈತಾರೆ.” ಆಮೇಲೆ ತಗ್ಗಿದ ದನಿಯಲ್ಲಿ, “ಆಂಟಿ?”

“ನಾನು ನೋಡಿದ್ದು ಒಂದೇ ಬಸ್ಸು. ಅದರಲ್ಲಿ ಇರಲಿಲ್ಲ.”

“ಇತ್ತು!” ಮಗಳು ಸೋಫಾದಿಂದ ಎದ್ದಳು. “ಸ್ಮಾಲ್ ಬಸ್‌ನಲ್ಲಿ ಇತ್ತು. ಒಂದು ಬಾಯ್‌ಗೆ ಬೆಲ್ಟ್ ಹಾಕ್ತಿತ್ತು.”

“ಕೈ ಎಲ್ಲಿತ್ತು ಪುತಾ ಅವರದ್ದು?” ಆಂಟಿ ಮುದ್ದಿನಿಂದ ಕೇಳಿದರು.

ಮಗಳು ತಮ್ಮನನ್ನು ಹಿಡಿದು ತೋರಿಸಿದಳು. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ತಲೆಯ ಹಿಂದೆ. ಆಂಟಿ ಬಹಳ ಹೊತ್ತು ಅದನ್ನೇ ನೋಡಿದರು. “ಹಾಗೇ ಹಿಡಿಯುದು. ಇಲ್ಲದಿದ್ರೆ ತಲೆ ಗ್ಲಾಸಿಗೆ ಬಡೀತದೆ,” ಎಂದರು. ಮತ್ತೆ ನನ್ನ ಕಡೆ ತಿರುಗಿದರು. “ಮಗು ಹೇಳಿದ್ದು ಅಂತ ಮೀಟಿಂಗಲ್ಲಿ ಹೇಳ್ಲಿಕ್ಕೆ ಆಗುದಿಲ್ಲ, ನಗಾಡ್ತಾರೆ. ಪೇಪರಿನವರು ನೋಡಿದ್ದಾರೆ ಅಂತ ಹೇಳ್ಬಹುದಾ ಸರ್?”

“ನಾನು ನೋಡಿಲ್ಲ ಆಂಟಿ.”

“ದಿನಾ ‘ಮೂಲಗಳ ಪ್ರಕಾರ’ ಅಂತ ಎಷ್ಟು ಬರೀತೀರಿ ನೀವು?” ಅಡುಗೆಮನೆ ಬಾಗಿಲಿನಿಂದ ಹೆಂಡತಿ ಕೇಳಿದಳು. “ನಿಮ್ಮ ಮಗಳು ಮೂಲ ಅಲ್ವಾ?”

ಆರು ವರ್ಷದ ಮಗು, ಚಲಿಸುವ ಕಾರು, ಎರಡು ಕ್ಷಣ, ಅದೂ ಆಂಟಿಯನ್ನು ಕಾಣಲೇಬೇಕೆಂದು ಹೊರಟಿದ್ದವಳು. ಇದನ್ನು ಯಾವ ಸಂಪಾದಕನೂ ಒಪ್ಪುವುದಿಲ್ಲ ಎಂದು ನಾನು ಹೇಳಿದೆ. ಆಂಟಿಯೇ ನನ್ನ ಪರ ವಹಿಸಿದರು. “ಬಿಡಿ ಮಾರಾಯ್ರೇ. ಅವರು ಕಾಣದ್ದನ್ನು ಕಂಡೆ ಅಂತ ಹೇಳುದು ಬೇಡ.” ತಣ್ಣಗಾದ ಚಹಾ ಕುಡಿದು, ಮಗಳ ತಲೆ ಮುಟ್ಟಿ, ಹೊರಟರು.

ಭಾನುವಾರ ಅವರು ಸೂಪರ್‌ವೈಸರ್ ಮುಂದೆ ಹೇಳಿದ್ದು ಇಷ್ಟೇ: ಪೇಪರಿನವರನ್ನು ಕೇಳಿದೆ, ದೊಡ್ಡ ಬಸ್ಸಿನಲ್ಲಿ ಆಂಟಿ ಇಲ್ಲವಂತೆ. “ನೋಡಿ, ನಿಮ್ಮವರೇ ಹೇಳಿದ್ರು, ಖಲಾಸ್,” ಎಂದರಂತೆ ಆತ. ಇದನ್ನು ಆಂಟಿ ನನಗೆ ದೂರಿನಂತೆ ಹೇಳಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಹವಾಮಾನದ ಸುದ್ದಿಯಂತೆ ಹೇಳಿದರು. ಮೇ ಕೊನೆಗೆ ಕೆಲಸ ಹೋಯಿತು, ಜೂನ್ ಕೊನೆಗೆ ಊರಿಗೆ ಹೋದರು. ಅವರ ಮಗಳ ನರ್ಸಿಂಗ್ ಓದು ಹೇಗೋ ಮುಗಿಯಿತು ಎಂದು ಒಮ್ಮೆ ದನಿ ಸಂದೇಶ ಬಂದಿತ್ತು. ಆಮೇಲೆ ನಂಬರು ಬದಲಾಯಿತೋ ಏನೋ...

ಅವರು ಹೋಗಿ ಎರಡು ತಿಂಗಳಾದ ಮೇಲೆ, ಕಚೇರಿಯಲ್ಲಿ ಬಿಡುವಿದ್ದ ಒಂದು ಮಧ್ಯಾಹ್ನ, ನಾನು ಅಮೆರಿಕಾದ ಶಾಲಾ ಬಸ್ಸುಗಳ ಬಗ್ಗೆ ಹುಡುಕಿದೆ. ಹತ್ತು ನಿಮಿಷ ಹಿಡಿಯಿತು. ದೊಡ್ಡ ಬಸ್ಸುಗಳಲ್ಲಿ ಸಾಮಾನ್ಯವಾಗಿ ಚಾಲಕರೊಬ್ಬರೇ. ವಿಶೇಷ ಆರೈಕೆ ಬೇಕಾದ ಮಕ್ಕಳನ್ನು ಒಯ್ಯುವ ಚಿಕ್ಕ ಹಳದಿ ಬಸ್ಸುಗಳಿವೆ. ಅವುಗಳಲ್ಲಿ ಹಲವೆಡೆ ಮಕ್ಕಳಿಗೆ ಬೆಲ್ಟ್ ಹಾಕಿ, ಜೊತೆಗೆ ಕೂರುವ ಒಬ್ಬರು ಇರುತ್ತಾರೆ. ಆ ಶುಕ್ರವಾರವೇ ಏಕೆ ಹುಡುಕಲಿಲ್ಲ ಎಂದು ಹೆಂಡತಿ ಕೇಳಿದಳು. ಅವರು ಕೇಳಿದ್ದು ನಾನು ಕಣ್ಣಾರೆ ಕಂಡದ್ದನ್ನು ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಾಗಿದ್ದರೆ ಸೂಪರ್‌ವೈಸರ್ ಮನಸ್ಸು ಬದಲಾಗುತ್ತಿತ್ತೇ? ಬಹುಶಃ ಇಲ್ಲ. ಖಚಿತವಾಗಿ ಹೇಳಲಾರೆ.

ಕಳೆದ ವರ್ಷ ಅಬು ಹಮೂರ್‌ನ ಚರ್ಚಿನಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುವಾಗ ಆಂಟಿಯ ಹೆಸರು ಓದಿದರೆಂದು ಪಕ್ಕದ ಫ್ಲಾಟಿನವರು ಹೇಳಿದರು.

ಕಳೆದ ವಾರ ಆ ಅಂಗಡಿಯಿಂದ ಮನೆಗೆ ಬಂದವನು ಮಗಳನ್ನು ಕೇಳಿದೆ, ಶಿಕಾಗೋದ ಆ ಚಿಕ್ಕ ಬಸ್ಸು ನೆನಪಿದೆಯೇ ಎಂದು. ಅವಳಿಗೀಗ ಹದಿನೈದು. ಫೋನಿನಿಂದ ತಲೆಯೆತ್ತಿ ಯೋಚಿಸಿದಳು. “ಯಾವ ಬಸ್? ತುಂಬಾ ಚಳಿ ಇತ್ತು, ಅದು ಗೊತ್ತು.”

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ಎರಡು ಸಾಲಿನ ತಿದ್ದುಪಡಿ ಹಾಕುತ್ತೇವೆ. ಇದಕ್ಕೆ ಒಂಬತ್ತು ವರ್ಷ ತಡವಾಗಿದೆ, ಓದಬೇಕಾದವರೂ ಇಲ್ಲ. ಆದರೂ ಹಾಕುತ್ತಿದ್ದೇನೆ: ಆ ಸೋಮವಾರ ಬೆಳಿಗ್ಗೆ ರಸ್ತೆಯಲ್ಲಿದ್ದದ್ದು ಒಂದು ಬಸ್ಸಲ್ಲ, ಎರಡು. ಎರಡನೆಯದರಲ್ಲಿ ಒಬ್ಬ ಆಂಟಿ ಇದ್ದರು.